ಆ ಪೀಪಿ ಯಾಕೆ ಬೇಕಿತ್ತು?

ಫ್ಯೂಷನ್ ಅನ್ನೋ ಪದ ಕೇಳಿದರೆ ನನಗೆ ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ನೆನಪಾಗುತ್ತದೆ. ಒಂದು ಕೀಬೋರ್ಡು, ಒಂದು ಡ್ರಮ್ ಸೆಟ್ಟು, ರೇಷ್ಮೆ ಕುರ್ತಾ ಹಾಕಿಕೊಂಡ ಒಬ್ಬರು ಪಿಟೀಲಿನವರು. ಯಾವುದೋ ಕೃತಿಯನ್ನು ಎರಡು ಪಟ್ಟು ಸ್ಪೀಡಿನಲ್ಲಿ ನುಡಿಸಿ, ಕೊನೆಗೆ ಡ್ರಮ್ಮಿಗೂ ಮೃದಂಗಕ್ಕೂ ಕುಸ್ತಿ ಬಿಡುತ್ತಾರೆ. ಜೋರು ಚಪ್ಪಾಳೆ. ಆಮೇಲೆ ಬಿಸಿಬೇಳೆಬಾತ್ ಕೌಂಟರಿಗೆ ಕ್ಯೂ. ನುಡಿಸುವವರ ಕೈಚಳಕದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಎರಡು ಸಂಗೀತಗಳು ಭೇಟಿಯಾದವು ಅಂತ ಹೇಳಬೇಕಾದರೆ, ಇಬ್ಬರಲ್ಲಿ ಒಬ್ಬರಾದರೂ ಇನ್ನೊಬ್ಬರ ಮಾತು ಕೇಳಿಸಿಕೊಂಡಿರಬೇಕಲ್ಲ?

ಕೇಳಿಸಿಕೊಂಡ ಒಂದು ರೆಕಾರ್ಡಿನ ಬಗ್ಗೆ ಬರೆಯೋಣ ಅಂತ ಬಹಳ ದಿನದಿಂದ ಇತ್ತು. ಹೆಸರು 'ಜ್ಯೋತಿ'. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಅನ್ನುವ ಊರಿನ ಸ್ಟುಡಿಯೊ ಒಂದರಲ್ಲಿ ಮುದ್ರಣವಾದದ್ದು. ಹೊರತಂದವರು ಮ್ಯೂನಿಕ್‌ನ ಇಸಿಎಂ ಕಂಪನಿಯವರು, ನಿರ್ಮಾಪಕ ಮಾನ್‌ಫ್ರೆಡ್ ಐಶರ್. ಜಾಝ್ ಕೇಳುವವರಿಗೆ ಇಸಿಎಂ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಕೇಳದವರಿಗೆ ಇಷ್ಟು ಸಾಕು: 1969ರಿಂದ ಜಾಝ್ ಲೋಕದಲ್ಲಿ ತನ್ನದೇ ಒಂದು ಸದ್ದು, ತನ್ನದೇ ಒಂದು ಮೌನ ಕಟ್ಟಿಕೊಂಡ ಸಂಸ್ಥೆ ಅದು. ಆ ಕಂಪನಿಯ ರೆಕಾರ್ಡಿನಲ್ಲಿ ಹಾಡಿದ್ದು ನಮ್ಮ ಬೆಂಗಳೂರಿನ ಆರ್.ಎ. ರಮಾಮಣಿ. ಮೃದಂಗ ಅವರ ಪತಿ ಟಿ.ಎ.ಎಸ್. ಮಣಿ. ಘಟ, ಮೋರ್ಸಿಂಗ್ ಆರ್.ಎ. ರಾಜಗೋಪಾಲ್. ಖಂಜರ ಟಿ.ಎನ್. ಶಶಿಕುಮಾರ್. ಇವರೆಲ್ಲ ಸೇರಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ತಾಳವಾದ್ಯ ಶಾಲೆ. ಇವರ ಜೊತೆಗೆ ಸೊಪ್ರಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು ಹಿಡಿದು ನಿಂತವರು ಬಾಸ್ಟನ್ನಿನಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ.

ಅಷ್ಟೇ ಜನ. ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಬೇಸ್ ಇಲ್ಲ, ಡ್ರಮ್ ಸೆಟ್ ಅಂತೂ ಇಲ್ಲವೇ ಇಲ್ಲ. ಈ 'ಇಲ್ಲ'ಗಳಲ್ಲೇ ಈ ಆಲ್ಬಮ್ಮಿನ ಅರ್ಧ ಗುಟ್ಟಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆರ್ಕೆಸ್ಟ್ರಾ ಅನ್ನುವ ಪದದ ಬಗ್ಗೆ ಒಂಚೂರು. ಜಾಝ್ ಗಾಯಕಿಯೊಬ್ಬಳು ದೊಡ್ಡವಳಾದಳು ಅಂತ ಜಗತ್ತಿಗೆ ಸಾರುವುದಕ್ಕೆ ಅಮೆರಿಕದಲ್ಲಿ ಒಂದು ಪದ್ಧತಿ ಇತ್ತು. ಅವಳ ಹಿಂದೆ ಒಂದು ದಂಡು ಪಿಟೀಲು, ಚೆಲ್ಲೊ ಕೂರಿಸಿ ಒಂದು ಆಲ್ಬಮ್ ಮಾಡಿಸುವುದು. ಬಿಲ್ಲಿ ಹಾಲಿಡೇ 1958ರಲ್ಲಿ 'ಲೇಡಿ ಇನ್ ಸ್ಯಾಟಿನ್' ಹಾಡಿದ್ದು ಹಾಗೆ. ಎಲ್ಲಾ ಫಿಟ್ಜ್‌ಜೆರಾಲ್ಡ್ ಗರ್ಶ್ವಿನ್ ಹಾಡುಗಳನ್ನು ನೆಲ್ಸನ್ ರಿಡಲ್ ಅವರ ಆರ್ಕೆಸ್ಟ್ರಾ ಜೊತೆ ಹಾಡಿದ್ದೂ ಹಾಗೆ. ಕೆಲವು ಅದ್ಭುತ, ಕೆಲವು ಮದುವೆ ಛತ್ರದ ಪರದೆ ತರಹ: ಮಿರಮಿರ ಮಿಂಚುತ್ತೆ, ಹಿಂದೆ ಗೋಡೆ ಮಾತ್ರ. ಹಾಲಿಡೇ ರೆಕಾರ್ಡಿನಲ್ಲಿ ನನಗೆ ಇಷ್ಟವಾಗುವುದು ಆ ನುಣುಪಾದ ಪಿಟೀಲುಗಳ ಮೇಲೆ ಅವಳ ಒಡೆದ ಗಂಟಲು ಉಜ್ಜುವ ಸದ್ದು. ಬೆಲ್ವೆಟ್ಟಿನ ಮೇಲೆ ಗೋಣಿಚೀಲ ಎಳೆದ ಹಾಗೆ.

ನಮ್ಮೂರಿನಲ್ಲಿ, ಅಂದರೆ ತುರುವೇಕೆರೆ ಕಡೆ, ಆರ್ಕೆಸ್ಟ್ರಾ ಅಂದರೆ ಅರ್ಥವೇ ಬೇರೆ. ಗಣೇಶನ ಹಬ್ಬಕ್ಕೆ ಪೆಂಡಾಲ್ ಹಾಕಿ, ತಿಪಟೂರಿನಿಂದಲೋ ತುಮಕೂರಿನಿಂದಲೋ ಕರೆಸಿದ ತಂಡದವರು ರಾತ್ರಿ ಒಂಬತ್ತಕ್ಕೆ ಶುರುಮಾಡಿದರೆ ಎರಡಕ್ಕೆ ಮುಗಿಸುತ್ತಿದ್ದರು. ಅದೇ ಆರ್ಕೆಸ್ಟ್ರಾ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನಲ್ಲಿ ಯಾರೋ 'ಆರ್ಕೆಸ್ಟ್ರಲ್ ಮ್ಯೂಸಿಕ್' ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಸೀರಿಯಲ್ ಸೆಟ್ ಲೈಟು ಮತ್ತು ಹುರಿಗಡಲೆ.

ತಮಾಷೆ ಅಂದರೆ, ಸಿಂಫನಿ ಆರ್ಕೆಸ್ಟ್ರಾದ ಜೊತೆ ಹಾಡುವ ಹಾಡುಗಳ ಚರಿತ್ರೆಯಲ್ಲಿ ನಮ್ಮ ಮೈಸೂರಿಗೆ ಒಂದು ಮುಖ್ಯ ಜಾಗವಿದೆ. ರಿಚರ್ಡ್ ಸ್ಟ್ರೌಸ್ ಸಾಯುವ ಮುಂಚೆ ಬರೆದ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಕಛೇರಿಯ ಖರ್ಚಿಗೆ ಬೆನ್ನಿಗೆ ನಿಂತವರು ಜಯಚಾಮರಾಜ ಒಡೆಯರ್. ಅದೇ ಒಡೆಯರ್ ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದರು. ಒಂದೇ ತಲೆಯೊಳಗೆ ಎರಡೂ ಇದ್ದವು. ಆದರೆ ಎರಡು ಬೇರೆ ಬೇರೆ ಕೋಣೆಗಳಲ್ಲಿ, ನಡುವೆ ಬಾಗಿಲು ಹಾಕಿಕೊಂಡು. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ವೀಣೆಯೂ ಇತ್ತು. ಆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ನಾಗಸ್ವರ ವಿದ್ವಾಂಸರ ಮಗನೊಬ್ಬ ಮುಂದೆ ಕದ್ರಿ ಗೋಪಾಲನಾಥ್ ಆದರು. ನಲವತ್ತನಾಲ್ಕು ವರ್ಷದ ನಂತರ, 1994ರಲ್ಲಿ, ಅದೇ ಆಲ್ಬರ್ಟ್ ಹಾಲಿನಲ್ಲಿ ಪ್ರಾಮ್ಸ್ ಉತ್ಸವಕ್ಕೆ ನುಡಿಸಿ ಬಂದರು. ಕೆಲವು ಬಾಗಿಲುಗಳು ತೆರೆಯುವುದು ತಡ.

ಈಗ 'ಜ್ಯೋತಿ'ಗೆ ಬನ್ನಿ. ಮೊದಲ ಟ್ರ್ಯಾಕಿನ ಹೆಸರೇ 'ವಾಯ್ಸ್ ಸೋಲೊ'. ಸ್ಯಾಕ್ಸ್ ಇಲ್ಲ, ತಾಳ ಇಲ್ಲ. ರಮಾಮಣಿಯವರ ದನಿ ಮಾತ್ರ. ಜಾಝ್ ಕಂಪನಿಯೊಂದು, ಜಾಝ್ ಕೇಳುಗರಿಗೆ ಮಾರುವ ರೆಕಾರ್ಡನ್ನು ಹೀಗೆ ಶುರುಮಾಡಿದ್ದು ಸಣ್ಣ ಧೈರ್ಯವಲ್ಲ. ಮಾರ್ಕೆಟಿಂಗ್ ಮೀಟಿಂಗಿನಲ್ಲಿ ಇದು ಪಾಸಾಗುತ್ತಲೇ ಇರಲಿಲ್ಲ, 'ಹೀರೋ ಎಂಟ್ರಿ ಎಲ್ಲಿ?' ಅಂತ ಕೇಳಿರೋರು. ದನಿ ಕೆಳಗೆ ನೆಲೆ ಹುಡುಕಿಕೊಂಡು, ಒಂದೊಂದೇ ಸ್ವರದ ಮೇಲೆ ನಿಂತು ನೋಡಿ, ಮೇಲಕ್ಕೆ ಹೋಗುತ್ತದೆ. ಅವಸರವಿಲ್ಲ. ಬಾವಿಗೆ ಕೊಡ ಇಳಿಬಿಟ್ಟವರು ಹಗ್ಗದ ಭಾರ ನೋಡಿಕೊಂಡು ಸೇದುವ ಹಾಗೆ.

ಇವರನ್ನು ಜಾಝ್ ಗಾಯಕಿ ಅನ್ನಬಹುದೇ? ಗಂಟಲು, ಗಮಕ, ಸ್ವರಸ್ಥಾನ ಎಲ್ಲ ಅಪ್ಪಟ ಕರ್ನಾಟಕ ಸಂಗೀತದ್ದು. ಆದರೆ ಜಾಝ್‌ನವರ ಜೊತೆ ಇವರಷ್ಟು ದೀರ್ಘಕಾಲ ಹಾಡಿದ ನಮ್ಮ ಶಾಸ್ತ್ರೀಯ ಗಾಯಕಿ ಇನ್ನೊಬ್ಬರು ಸಿಗುವುದು ಕಷ್ಟ. ಜರ್ಮನಿಯ ಎಂಬ್ರಿಯೊ ಅನ್ನುವ ತಂಡ 1978-79ರಲ್ಲಿ ಬಸ್ಸಿನಲ್ಲಿ ನೆಲದ ಮೇಲೆಯೇ ಭಾರತದವರೆಗೂ ಬಂದಾಗ ಈ ಶಾಲೆಯವರ ಜೊತೆ ನುಡಿಸಿತು. ಆಮೇಲೆ ಡಿಸಿಡೆಂಟನ್ ತಂಡದ ಜೊತೆ ರೆಕಾರ್ಡು ಬಂತು. ಆಮೇಲೆ 'ಜ್ಯೋತಿ'. ಜಾಝ್ ಗಾಯಕಿಯ ಮುಖ್ಯ ಲಕ್ಷಣ ಏನು? ಪಕ್ಕದವರು ಈಗ ತಾನೇ ನುಡಿಸಿದ್ದನ್ನು ಕೇಳಿ, ಮುಂದಿನ ಸಾಲನ್ನು ಅಲ್ಲೇ ಕಟ್ಟುವುದು. ಆ ಲೆಕ್ಕದಲ್ಲಿ ನನಗೇನೂ ಅನುಮಾನವಿಲ್ಲ. ಸ್ಕ್ಯಾಟ್ ಅಂತ ಅವರು ಕರೆಯುವುದನ್ನು ನಾವು ಆಲಾಪನೆ, ಕಲ್ಪನಾಸ್ವರ ಅಂತೀವಿ, ಅಷ್ಟೇ.

ಪಿಯಾನೊ ಇಲ್ಲ ಅಂದೆನಲ್ಲ, ಅದು ಯಾಕೆ ಮುಖ್ಯ ಅಂತ ಹೇಳುತ್ತೇನೆ. ಮಾಮೂಲಿ ಜಾಝ್ ನಡೆಯುವುದು ಕಾರ್ಡ್‌ಗಳ ಮೇಲೆ. ನಾಲ್ಕು ಬೀಟಿಗೊಮ್ಮೆ ನೆಲ ಬದಲಾಗುತ್ತೆ, ಸೋಲೊ ನುಡಿಸುವವರು ಆ ಬದಲಾಗುವ ನೆಲದ ಮೇಲೆ ಹೆಜ್ಜೆ ಹಾಕಬೇಕು. ರಾಗಕ್ಕೆ ನೆಲ ಒಂದೇ: ಷಡ್ಜ. ಅದು ಅಲುಗುವುದಿಲ್ಲ. ಅಲುಗುವುದು ಸ್ವರ. ಗಾಂಧಾರ ಅನ್ನುವುದು ಪಿಯಾನೊದ ಒಂದು ಮನೆಯಲ್ಲಿ ಕೂತಿರುವುದಿಲ್ಲ, ಎರಡು ಮನೆ ಮಧ್ಯೆ ಜೀಕುತ್ತಿರುತ್ತದೆ. ಅದರ ಕೆಳಗೆ ಒಂದು ಕಾರ್ಡ್ ಹಿಡಿದಿರೋ, ಜೀಕುವ ಸ್ವರ ಶ್ರುತಿ ತಪ್ಪಿದ ಹಾಗೆ ಕೇಳಿಸಲು ಶುರುವಾಗುತ್ತೆ. ನಮ್ಮ ಬಹಳಷ್ಟು ಫ್ಯೂಷನ್ ಸತ್ತು ಬೀಳುವುದು ಇಲ್ಲೇ. ಕೀಬೋರ್ಡಿನವರು ಒಳ್ಳೆಯ ಉದ್ದೇಶದಿಂದಲೇ ಕಾರ್ಡ್ ಹಾಕುತ್ತಾರೆ, ಹಾಡುವವರು ಅದಕ್ಕೆ ಹೊಂದಿಕೊಳ್ಳಲು ಗಮಕ ಕತ್ತರಿಸುತ್ತಾರೆ, ಉಳಿಯುವುದು ಸಿನಿಮಾ ಹಾಡು. 'ಜ್ಯೋತಿ'ಯಲ್ಲಿ ಆ ಬೇಲಿಯೇ ಇಲ್ಲ. ಮೈಲ್ಸ್ ಡೇವಿಸ್ 1959ರಲ್ಲಿ 'ಕೈಂಡ್ ಆಫ್ ಬ್ಲೂ' ಮಾಡಿ, ಒಂದೇ ಸ್ವರಮಾಲೆಯ ಮೇಲೆ ಬಹಳ ಹೊತ್ತು ನಿಲ್ಲಬಹುದು ಅಂತ ಜಾಝ್‌ನವರಿಗೆ ತೋರಿಸಿದ್ದು ಮರಿಯಾನೊ ತಲೆಮಾರಿನವರಿಗೆ ಇಲ್ಲಿ ಕೆಲಸಕ್ಕೆ ಬಂದಿದೆ.

ಹಾಗಾದರೆ ಆರ್ಕೆಸ್ಟ್ರಾ ಎಲ್ಲಿ? ತಾಳವಾದ್ಯದಲ್ಲಿ. ಎರಡನೇ ಟ್ರ್ಯಾಕಿನಿಂದ ಗಮನವಿಟ್ಟು ಕೇಳಿ. ಮೃದಂಗದ ಎಡಮಗ್ಗುಲಿಗೆ ರವೆ ಕಲಸಿ ಮೆತ್ತುತ್ತಾರೆ, ಆ ಗುಂ ಅನ್ನುವ ಸದ್ದೇ ಇಲ್ಲಿ ಬೇಸ್. ಖಂಜರ ಅಂಗೈ ಅಗಲದ ಉಡದ ಚರ್ಮ, ಎರಡು ಹನಿ ನೀರು ಸವರಿ ಸಡಿಲಿಸಿದರೆ ಅದೂ ಆಳಕ್ಕೆ ಜಾರುತ್ತದೆ. ಘಟದ ಮಣ್ಣಿನ ಟಣಟಣ ಮಧ್ಯದಲ್ಲಿ. ಮೋರ್ಸಿಂಗ್ ಹಲ್ಲಿನ ಸಂದಿಯಲ್ಲಿ ಕೂತು ಮಿಡಿಯುವ ಕಬ್ಬಿಣ, ಅದಕ್ಕೆ ಬಾಯಿಯೇ ಬುರುಡೆ. ಇವುಗಳ ಮೇಲೆ ಕೊನ್ನಕೋಲು, ಬಾಯಲ್ಲಿ ಹೇಳುವ ಜತಿ. ತಕಿಟ ಮೂರು, ತಕಧಿಮಿ ನಾಲ್ಕು, ತದಿಗಿಣತೊಂ ಐದು. ಇವನ್ನು ಜೋಡಿಸಿ, ಮುರಿದು, ಮೂರು ಸಲ ಹೇಳಿ ಸರಿಯಾಗಿ ಸಮಕ್ಕೆ ತಂದು ಇಳಿಸುವುದು. ನಮ್ಮ ಟೀಮಿನ ಹುಡುಗನೊಬ್ಬ ಇದನ್ನು ಕೇಳಿ 'ಮಗಾ, ಇದು ಪ್ಯೂರ್ ಮ್ಯಾಥ್ಸ್' ಅಂದ. ಹೌದು, ಆದರೆ ಲೆಕ್ಕ ಸರಿ ಬಂತು ಅನ್ನುವುದಕ್ಕಿಂತ, ಲೆಕ್ಕ ತಪ್ಪೇ ಹೋಯಿತು ಅಂತ ನಮಗೆ ಅನ್ನಿಸುವಷ್ಟು ದೂರ ಕರೆದುಕೊಂಡು ಹೋಗುವುದರಲ್ಲಿದೆ ಅದರ ಮಜಾ. ಅತಿ ಉದ್ದದ ಟ್ರ್ಯಾಕು 'ಸಪ್ತರ್ಷಿ'ಯಲ್ಲಿ ಇದಕ್ಕೆಲ್ಲ ಬೇಕಾದಷ್ಟು ಜಾಗವಿದೆ. ಇಲ್ಲಿ ಮೃದಂಗ, ಘಟ, ಖಂಜರಗಳು ಗಾಯಕಿಯ ಹಿಂದೆ ಪಕ್ಕವಾದ್ಯವಾಗಿ ಕೂತಿಲ್ಲ. ಅವು ಅವಳ ಸುತ್ತ ಇವೆ. ಸಾಹಿತ್ಯವನ್ನೇ ನಂಬಿ ಕೂತ ಆಲ್ಬಮ್ ಇದಲ್ಲ, ಭಾರವೆಲ್ಲ ಸ್ವರ ಮತ್ತು ಲಯದ ಮೇಲೆ. ಅದಕ್ಕೇ ತಾಳವಾದ್ಯದವರಿಗೂ ಗಾಯಕಿಗೂ ಸಮಪಾಲು ಸಿಕ್ಕಿದೆ.

ಅದೇ ದಶಕದ ಹಿಂದೆ ಬಂದ 'ಶಕ್ತಿ' ತಂಡದ ರೆಕಾರ್ಡುಗಳ ಜೊತೆ ಇಟ್ಟು ನೋಡಿ. ಮೆಕ್‌ಲಾಫ್ಲಿನ್ ಗಿಟಾರು, ಶಂಕರ್ ಪಿಟೀಲು ಬಿಟ್ಟ ಬಾಣದ ಹಾಗೆ ಓಡುತ್ತವೆ. ಕೇಳಿ ಬೆರಗಾಗುತ್ತೇವೆ. ಆದರೆ ಆ ಬೆರಗು ನೋಡುವವರದು, ಸರ್ಕಸ್ಸಿನ ಗ್ಯಾಲರಿಯಲ್ಲಿ ಕೂತವರದು. 'ಜ್ಯೋತಿ' ಕೇಳುವಾಗ ನಾನು ಗ್ಯಾಲರಿಯಲ್ಲಿ ಇರುವುದಿಲ್ಲ.

ಮರಿಯಾನೊ ವಿಷಯಕ್ಕೆ ಬರಲೇಬೇಕು. 1923ರಲ್ಲಿ ಹುಟ್ಟಿದವರು. ಸ್ಟ್ಯಾನ್ ಕೆಂಟನ್ ಬ್ಯಾಂಡಿನಲ್ಲಿ ಬೆಳೆದವರು. 1963ರಲ್ಲಿ ಚಾರ್ಲ್ಸ್ ಮಿಂಗಸ್‌ನ 'ದ ಬ್ಲಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ' ರೆಕಾರ್ಡಿನಲ್ಲಿ ಅಳುವ ಹಾಗೆ ಆಲ್ಟೊ ನುಡಿಸಿದವರು. ಇಂಥ ಮನುಷ್ಯ ನಾಗಸ್ವರ ಕೇಳಿ ಹುಚ್ಚು ಹಿಡಿಸಿಕೊಂಡು, ದಕ್ಷಿಣ ಭಾರತಕ್ಕೆ ಬಂದು, ಹಳ್ಳಿಯಲ್ಲಿ ಗುರುವಿನ ಬಳಿ ಕೂತು ಅದನ್ನು ಕಲಿತರು. 1976ರ 'ಹೆಲೆನ್ 12 ಟ್ರೀಸ್' ಆಲ್ಬಮ್ಮಿನಲ್ಲಿ ಅದನ್ನು ನುಡಿಸಿಯೂ ಇದ್ದಾರೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಒಂಥರಾ ಆಯಿತು. ನಮ್ಮೂರ ಮದುವೆಗಳಲ್ಲಿ ಓಲಗದವರಿಗೆ ಛತ್ರದ ಬಾಗಿಲ ಪಕ್ಕದ ಚಾಪೆ. 'ಗಟ್ಟಿಮೇಳ' ಅಂತ ಯಾರಾದರೂ ಕೂಗಿದಾಗ ಮಾತ್ರ ಅವರು ಇದ್ದಾರೆ ಅನ್ನುವುದು ನೆನಪಾಗುತ್ತಿತ್ತು. ಊಟಕ್ಕೆ ಕೊನೆಯ ಪಂಕ್ತಿ. ನಮ್ಮ ಪಕ್ಕದ ಬೀದಿಯ ಅಜ್ಜ ಓಲಗ ಊದುತ್ತಿದ್ದರು, ಬೆಳಗ್ಗೆ ಕಟಿಂಗ್ ಮಾಡಿ ಸಂಜೆ ದೇವಸ್ಥಾನದಲ್ಲಿ ಊದುವುದು. ಅವರಿಗೆ ಎಷ್ಟು ರಾಗ ಗೊತ್ತಿತ್ತು ಅಂತ ಊರಿನಲ್ಲಿ ಒಬ್ಬರೂ ಕೇಳಲಿಲ್ಲ. ಮಿಂಗಸ್ ಜೊತೆ ನುಡಿಸಿದವರು ಶಿಷ್ಯನಾಗಿ ಬಂದು ನೆಲದ ಮೇಲೆ ಕೂತ ವಾದ್ಯ ಅದು.

ಹಾಗಿದ್ದ ಮೇಲೆ 'ಜ್ಯೋತಿ'ಯಲ್ಲಿ ಅವರು ನಾಗಸ್ವರ ಯಾಕೆ ಮುಟ್ಟಲಿಲ್ಲ? ಕಾರಣ ಊಹಿಸುವುದು ಕಷ್ಟವಲ್ಲ. ಅದು ಬಯಲಿನ ವಾದ್ಯ, ಜೊತೆಗೆ ಡೋಲು ಬೇಕು. ಮುಚ್ಚಿದ ಕೋಣೆಯಲ್ಲಿ ಊದಿದರೆ ದನಿ, ಘಟ, ಮೋರ್ಸಿಂಗ್ ಎಲ್ಲ ಕೊಚ್ಚಿಕೊಂಡು ಹೋಗುತ್ತವೆ. ಸೊಪ್ರಾನೊ ಸ್ಯಾಕ್ಸ್ ನೋಡಲೂ ನೆಟ್ಟಗೆ, ಊದುವುದೂ ಪೀಪಿಯಿಂದ. ನಾಗಸ್ವರದ ಪಟ್ಟಣದ ತಮ್ಮ ಅನ್ನಿ. ಮರಿಯಾನೊ ಅದರಲ್ಲಿ ಸ್ವರವನ್ನು ಜಾರಿಸುವ ರೀತಿ ಕೇಳಿದರೆ ಆ ಹಳ್ಳಿಯ ಪಾಠ ವ್ಯರ್ಥವಾಗಿಲ್ಲ ಅಂತ ಗೊತ್ತಾಗುತ್ತದೆ.

ಆದರೂ ನನ್ನ ದೊಡ್ಡ ತಕರಾರು ಇಲ್ಲೇ. ಮರಿಯಾನೊ ವಿಪರೀತ ವಿನಯವಂತ. ರಮಾಮಣಿ ಒಂದು ಸಂಚಾರ ಹಾಡಿದರೆ ಇವರು ಅದನ್ನೇ ಭಯಭಕ್ತಿಯಿಂದ ಹಿಂಬಾಲಿಸುತ್ತಾರೆ. ಜೊತೆಯಾಗಿ ಒಂದೇ ಸಾಲು ಹೋಗುವಾಗ ಚೆನ್ನ, ಎರಡು ಬಣ್ಣದ ದಾರ ಒಂದೇ ಸೂಜಿಯಲ್ಲಿ ಪೋಣಿಸಿದ ಹಾಗೆ. ಆದರೆ ತಮ್ಮ ಸರದಿ ಬಂದಾಗಲೂ ಅವರು ಅತಿಥಿಯ ಹಾಗೆಯೇ ನಡೆದುಕೊಳ್ಳುತ್ತಾರೆ. ಮಿಂಗಸ್ ರೆಕಾರ್ಡಿನಲ್ಲಿ ಕಿರುಚಿದ ಆ ಮನುಷ್ಯ ಎಲ್ಲಿ ಹೋದರು? ಒಂದು ಸಲವಾದರೂ ರಾಗದ ಹೊರಗೆ ಕಾಲಿಟ್ಟು, ರಮಾಮಣಿಯವರನ್ನು ಪೇಚಿಗೆ ಸಿಕ್ಕಿಸಿದ್ದರೆ ಅವರೇನು ಮಾಡುತ್ತಿದ್ದರು ಅಂತ ನೋಡುವ ಆಸೆ ನನಗೆ. ಅವರಿಗೆ ಅದನ್ನು ನಿಭಾಯಿಸುವ ತಾಕತ್ತು ಖಂಡಿತ ಇತ್ತು. ಕೊಳಲು ಹಿಡಿದಾಗಂತೂ ಮರಿಯಾನೊ ಇನ್ನೂ ಮೆತ್ತಗಾಗುತ್ತಾರೆ. ಬೆಂಗಳೂರಿನಲ್ಲಿ ಅದಕ್ಕಿಂತ ಗಟ್ಟಿಯಾಗಿ ಊದುವ ಹತ್ತು ಜನ ಸಿಗುತ್ತಾರೆ.

ಇನ್ನೊಂದು ತಕರಾರು ಧ್ವನಿಮುದ್ರಣದ್ದು. ಇಸಿಎಂ ಸದ್ದು ಅಂದರೆ ದೊಡ್ಡ ಚರ್ಚಿನಲ್ಲಿ ಕೂತು ಕೇಳಿದ ಹಾಗೆ, ಪ್ರತಿ ಸ್ವರದ ಹಿಂದೆ ಒಂದು ಉದ್ದದ ನೆರಳು. ದನಿಗೆ ಇದು ವರ. ಆದರೆ ಮೃದಂಗ ಚರ್ಮದ ವಾದ್ಯ, ಅದರ ಚರ್ಮ ಕೇಳಿಸಬೇಕು. ಗಾಯನ ಸಮಾಜದ ಮೂರನೇ ಸಾಲಿನಲ್ಲಿ ಕೂತರೆ ಬೆರಳು ಕರಣೆಗೆ ತಾಗುವ ಸದ್ದು, ಪಕ್ಕದವರು ತೊಡೆ ತಟ್ಟಿ ತಾಳ ಹಾಕುವ ಸದ್ದು, ಹಿಂದಿನವರ ಕೆಮ್ಮು ಎಲ್ಲ ಸೇರಿ ಲಯಕ್ಕೆ ಮೈ ಬರುತ್ತದೆ. ಇಲ್ಲಿ ಎಲ್ಲವೂ ಒಗೆದು ಇಸ್ತ್ರಿ ಮಾಡಿದ ಹಾಗಿದೆ. ಕೊನೆಯ 'ಭಜನ್' ಅನ್ನಂತೂ ಚಿಕ್ಕದಾಗಿ ಮುಗಿಸಿಬಿಟ್ಟಿದ್ದಾರೆ. ನಮ್ಮೂರ ರಾಮಮಂದಿರದ ಧನುರ್ಮಾಸದವರು ಅಷ್ಟು ಹೊತ್ತಿಗೆ ಇನ್ನೂ ಹಾರ್ಮೋನಿಯಂ ಪೆಟ್ಟಿಗೆ ತೆಗೆಯುತ್ತಿರುತ್ತಾರೆ.

ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಓನರ್ ಆಂಟಿ ಬ್ಯಾಂಕಿನಿಂದ ರಿಟೈರ್ ಆದವರು. ರಾಮನವಮಿ ಬಂದರೆ ತಿಂಗಳುಗಟ್ಟಲೆ ಸಂಜೆಯೆಲ್ಲ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲೇ. ಒಂದು ಭಾನುವಾರ ಬಾಡಿಗೆ ರಸೀದಿ ಕೊಡಲು ಬಂದವರು 'ಜ್ಯೋತಿ' ಓಡುತ್ತಿದ್ದದ್ದು ಕೇಳಿ ಕುರ್ಚಿ ಎಳೆದುಕೊಂಡು ಕೂತರು. ಎರಡು ಟ್ರ್ಯಾಕ್ ಆದ ಮೇಲೆ, 'ಸಂಗೀತ ಚೊಕ್ಕವಾಗಿದೆ ಕಣಪ್ಪಾ. ಆ ಪೀಪಿ ಯಾಕೆ ಬೇಕಿತ್ತು?' ಅಂದರು. ನಾನು ಮರಿಯಾನೊ ಕಥೆ ಹೇಳಿದೆ, ಹಳ್ಳಿಯಲ್ಲಿ ನಾಗಸ್ವರ ಕಲಿತದ್ದು ಎಲ್ಲ. 'ಅಷ್ಟು ಕಷ್ಟಪಟ್ಟವನು ಇನ್ನೂ ಸ್ವಲ್ಪ ಜೋರಾಗಿ ಊದಬಹುದಿತ್ತು' ಅಂದರು. ವಿಮರ್ಶೆಯಲ್ಲಿ ನಾನು ಮೂರು ಪ್ಯಾರಾ ತಗೊಂಡಿದ್ದನ್ನು ಆಂಟಿ ಒಂದೇ ಸಾಲಿನಲ್ಲಿ ಮುಗಿಸಿದರು. ಹೋಗುವ ಮುಂಚೆ ಮೊದಲನೆಯದನ್ನು ಇನ್ನೊಂದು ಸಲ ಹಾಕಿಸಿಕೊಂಡರು.

ಅವರ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಈ ಊರಿನಲ್ಲಿ ಸಂಗೀತಕ್ಕೆ ಏರಿಯಾ ಇದೆ. ಜಾಝ್ ಬೇಕಾದರೆ ಇಂದಿರಾನಗರ, ವೈಟ್‌ಫೀಲ್ಡ್ ಕಡೆ ಹೋಗಿ. ಕರ್ನಾಟಕ ಸಂಗೀತ ಬೇಕಾದರೆ ಜಯನಗರ, ಬಸವನಗುಡಿ, ಮಲ್ಲೇಶ್ವರ. ಮಧ್ಯೆ ಸಿಲ್ಕ್ ಬೋರ್ಡ್. ಹಳ್ಳಿಯಿಂದ ಬಂದ ನಮ್ಮಂಥವರಿಗೆ ಎರಡು ಕಡೆಯೂ ಬಾಗಿಲಲ್ಲಿ ಒಂದು ಕ್ಷಣ ತಡವರಿಸುವಂತಾಗುತ್ತದೆ. ಸಭೆಯಲ್ಲಿ ಪಕ್ಕದವರು 'ಯಾವ ರಾಗ?' ಅಂತ ತಿರುಗುವ ಭಯ. ಪಬ್ಬಿನಲ್ಲಿ ಎಲ್ಲಿ ಚಪ್ಪಾಳೆ ತಟ್ಟಬೇಕು ಅನ್ನುವ ಭಯ, ಮೇಲೆ ಎರಡು ಸಾವಿರದ ಕವರ್ ಚಾರ್ಜು. ಪೀಪಿ ಇಲ್ಲದೆ ಹೋಗಿದ್ದರೆ ಆ ರೆಕಾರ್ಡು ಲುಡ್ವಿಗ್ಸ್‌ಬರ್ಗ್‌ನಲ್ಲಿ ಆಗುತ್ತಿರಲಿಲ್ಲ, ನನ್ನಂಥವನ ಹೆಡ್‌ಫೋನಿಗೆ ಬರುತ್ತಲೂ ಇರಲಿಲ್ಲ. ರಮಾಮಣಿಯವರ ದನಿ ಇದೇ ಊರಿನಲ್ಲಿದ್ದರೂ ನಾನು ಅದನ್ನು ಮೊದಲು ಕೇಳಿದ್ದು ಜರ್ಮನಿಯ ಕಂಪನಿಯೊಂದರ ಮೂಲಕ, ಅದೂ ಮರಿಯಾನೊ ಹೆಸರು ಹುಡುಕುವಾಗ. ಇದು ಖುಷಿಪಡುವ ವಿಷಯವೋ ಬೇಜಾರಿನ ವಿಷಯವೋ, ದಿನಕ್ಕೊಂದು ಥರ ಅನ್ನಿಸುತ್ತದೆ.

ಆಲ್ಬಮ್ಮಿನ ಮೇಲೆ ಮೊದಲ ಹೆಸರು ಇಂದಿಗೂ ಚಾರ್ಲಿ ಮರಿಯಾನೊ ಅವರದೇ. ಮೊದಲ ದನಿ ರಮಾಮಣಿಯವರದ್ದಾದರೂ ಅಂಗಡಿಯಲ್ಲಿ, ಆ್ಯಪಿನಲ್ಲಿ ಅದು ಸಿಗುವುದು ಅವರ ಹೆಸರಿನ ಕೆಳಗೆ. ಮರಿಯಾನೊ ಹೀಗೆ ಬೇಕು ಅಂತ ಕೇಳಿರಲಾರರು. 1998ರಲ್ಲಿ ಇದೇ ಬಳಗದ ಜೊತೆ ಅವರು ಮಾಡಿದ ಆಲ್ಬಮ್ಮಿಗೆ 'ಬ್ಯಾಂಗಲೋರ್' ಅಂತಲೇ ಹೆಸರು. ನೀವು ಆ್ಯಪಿನಲ್ಲಿ 'ಜ್ಯೋತಿ' ಅಂತ ಹಾಕಿದರೆ ಮಂಗಳಾರತಿ ಹಾಡುಗಳೂ ಸಿನಿಮಾ ಹಾಡುಗಳೂ ಬಂದು ಬೀಳುತ್ತವೆ, ಅದಕ್ಕೆ ಮರಿಯಾನೊ ಅಂತಲೇ ಹುಡುಕಿ. ಷಫಲ್ ಆಫ್ ಮಾಡಿ. 'ವಾಯ್ಸ್ ಸೋಲೊ' ಮೊದಲು ಬರಬೇಕು.